ಕಲ್ಲು ನೆಕ್ಕುವ ಮಾಸ್ಟ್ರು

ಕೋಟು ತೊಟ್ಟ ತೆಳ್ಳಗಿನ ಮನುಷ್ಯರೊಬ್ಬರು ಮೇಜಿನ ಮೇಲೆ ಸಾಲಾಗಿಟ್ಟ ಕಲ್ಲುಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತಾರೆ. ಕನ್ನಡಕವನ್ನು ಹಣೆಗೇರಿಸಿ, ಕಲ್ಲನ್ನು ತಿರುಗಿಸಿ ನೋಡಿ, ನಾಲಿಗೆ ಚಾಚಿ ಅದನ್ನು ನೆಕ್ಕುತ್ತಾರೆ. ಸ್ವಲ್ಪ ಹೊತ್ತು ಯೋಚಿಸುತ್ತಾರೆ. ತಲೆಯಾಡಿಸಿ ಅದನ್ನು ಒಂದು ಕಡೆ ಇಡುತ್ತಾರೆ. ಮತ್ತೊಂದನ್ನು ಎತ್ತಿಕೊಂಡು ಅದನ್ನೂ ನೆಕ್ಕುತ್ತಾರೆ.

ನಾನು ಟಿವಿಯಲ್ಲಿ ನೋಡಿದ ಅತಿ ವಿಚಿತ್ರ ಕಾರ್ಯಕ್ರಮ ಇದು. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಹಳೆಯ ಟಿವಿಯ ಮಾತು ಆಗಾಗ ಬರುತ್ತದೆ. ಒಬ್ಬರಿಗೆ ಎರಡು ಗೊಂಬೆಗಳು ಜಗಳವಾಡುತ್ತ ಲೆಕ್ಕ ಕಲಿಸುತ್ತಿದ್ದದ್ದು ನೆನಪು. ಇನ್ನೊಬ್ಬರಿಗೆ 'ಅಡಚಣೆಗಾಗಿ ಕ್ಷಮಿಸಿ' ಎಂಬ ಫಲಕವನ್ನೇ ಅರ್ಧ ಗಂಟೆ ನೋಡುತ್ತ ಕುಳಿತದ್ದು ನೆನಪು. ನಾನು ಕಲ್ಲು ನೆಕ್ಕುವವರ ವಿಷಯ ಹೇಳಿದರೆ ಮಾತ್ರ "ಎಂತ ಮೇಡಂ, ಕನಸು ಕಂಡದ್ದಾ?" ಎಂದು ನಗುತ್ತಾರೆ. ಇಂಟರ್ನೆಟ್ಟಿನಲ್ಲಿ ಎಷ್ಟೋ ಸಲ ಹುಡುಕಿದೆ, ಸಿಗಲಿಲ್ಲ. ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಹೇಳಿ ಮುಗಿಸುವ ಕಥೆಯೂ ಅಲ್ಲ ಅದು. ಹಾಗಾಗಿ ಬರೆಯುತ್ತಿದ್ದೇನೆ.

ಆಗ ನಾನು ಒಂಬತ್ತನೇ ಕ್ಲಾಸು. ಮಂಗಳೂರಿನ ಶಕ್ತಿನಗರದಲ್ಲಿ ಗುಡ್ಡ ಹತ್ತುವ ಒಂದು ಕಿರುದಾರಿಯ ಮೇಲಿನ ತಿರುವಿನಲ್ಲಿ ನಮ್ಮ ಮನೆ. ಹೆಂಚಿನ ಮಾಡು, ಮುಂದೆ ಉದ್ದದ ಜಗಲಿ. ಅಪ್ಪ ಕೂಳೂರಿನ ಹೊಳೆಬದಿಯ ಒಂದು ಹೆಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಳು. ಅವಳದೂ ಬೀಡಿಯೇ. ನಮ್ಮ ಮನೆಯಿಂದ ಹತ್ತಿಪ್ಪತ್ತು ಮೆಟ್ಟಿಲು ಇಳಿದರೆ ಒಂದು ಬದಿಗೆ ಇನ್ನೊಂದು ಮನೆ, ಗುಡ್ಡಕ್ಕೆ ಬೆನ್ನು ತಾಗಿಸಿಕೊಂಡು ನಿಂತಿತ್ತು. ಅಲ್ಲಿ ರಿಕ್ಷಾ ಓಡಿಸುವ ಒಬ್ಬ ಅಣ್ಣ, ಅವನ ಹೆಂಡತಿ, ಅವರ ಆರು ತಿಂಗಳ ಹೆಣ್ಣುಮಗು. ಆ ಹೆಂಡತಿಯನ್ನು ನಾನು ಕೆಳಗಿನಕ್ಕ ಎಂದು ಕರೆಯುತ್ತಿದ್ದೆ. ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೇ.

ಟಿವಿ ನನ್ನ ಸೋದರಮಾವ ಮಸ್ಕತ್‌ನಿಂದ ತಂದದ್ದು. ಬಣ್ಣದ ಟಿವಿ. ಮನೆಯ ಪಕ್ಕದಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ, ಅದರ ತುದಿಗೆ ಆಂಟೆನಾ ಕಟ್ಟಿ, "ಬಂತಾ? ಈಗ ಬಂತಾ?" ಎಂದು ಕೂಗಾಡಿ ಮಾವ ಚಿತ್ರ ಬರಿಸಿಕೊಟ್ಟು ಹೋದರು. ಸಂಜೆಯ ಕಾರ್ಯಕ್ರಮಗಳನ್ನು ಎಲ್ಲರ ಹಾಗೆ ನಾವೂ ನೋಡುತ್ತಿದ್ದೆವು. ಆದರೆ ಬೀಡಿ ಕಟ್ಟುವವರಿಗೆ ಸಂಗಾತ ಬೇಕಾದದ್ದು ಹಗಲಿನಲ್ಲಿ. ಹಗಲಿನಲ್ಲಿ ದೆಹಲಿಯಿಂದ ಬರುತ್ತಿದ್ದದ್ದು ಒಂದೇ: ಮಧ್ಯಾಹ್ನ ಒಂದು ಗಂಟೆಗೆ, ಕಾಲೇಜು ಓದುವವರಿಗೆಂದು ಇಂಗ್ಲಿಷಿನಲ್ಲಿ ಮಾಡಿದ ಬೇರೆ ಬೇರೆ ವಿಷಯಗಳ ಪಾಠ.

ಹಾಗೆ ಶುರುವಾಯಿತು. ಊಟ ಮುಗಿಸಿ ಅಮ್ಮ, ದೊಡ್ಡಮ್ಮ, ಕೆಳಗಿನಕ್ಕ ಮೂವರೂ ಮೊರದಂಥ ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಜಗಲಿಯಲ್ಲಿ ಗೋಡೆಗೊರಗಿ ಕುಳಿತುಕೊಳ್ಳುವರು. ಒಳಗಿನ ಟಿವಿಯನ್ನು ಬಾಗಿಲಿಗೆ ಮುಖ ಮಾಡಿ ತಿರುಗಿಸುವರು. ಇಂಗ್ಲಿಷ್ ಮೂವರಿಗೂ ಬರುತ್ತಿರಲಿಲ್ಲ. ಅಮ್ಮ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದಳು, ದೊಡ್ಡಮ್ಮ ಸಹಿ ಹಾಕುತ್ತಿದ್ದಳು, ಕೆಳಗಿನಕ್ಕ ಹತ್ತನೆಯಲ್ಲಿ ಇಂಗ್ಲಿಷಿನಲ್ಲೇ ಫೇಲಾಗಿ ಮದುವೆಯಾಗಿ ಬಂದವಳು.

"ಅರ್ಥ ಆಗದಿದ್ದರೆ ಎಂತಕ್ಕೆ ನೋಡುವುದು?" ಎಂದು ಅಪ್ಪ ಒಮ್ಮೆ ಕೇಳಿದರು.

"ಇದರಲ್ಲಿ ಯಾರೂ ಅಳುವುದಿಲ್ಲ," ಎಂದಳು ಅಮ್ಮ. "ಅಳುವುದು ಬಂದರೆ ನಮ್ಮ ಕೈ ನಿಲ್ತದೆ. ಇದಾದರೆ ಕೈ ಅದರಷ್ಟಕ್ಕೆ ಹೋಗ್ತದೆ."

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದಾಗ, ರಜೆಯಲ್ಲಿ, ನಾನೂ ಅವರ ಜೊತೆ ಕುಳಿತು ಎಲೆ ಕತ್ತರಿಸಿಕೊಡುತ್ತಿದ್ದೆ. ಎಂತೆಂಥದೆಲ್ಲ ಬರುತ್ತಿತ್ತು! ಬೋರ್ಡಿನ ತುಂಬ ಗಣಿತ ಬರೆದು ತಾವೇ ಒರೆಸುವ ಒಬ್ಬರು ಮೇಡಂ; ಅವರು ಬಂದರೆ ದೊಡ್ಡಮ್ಮ ಎದ್ದು ಹೋಗಿ ಒಣಗಿದ ಎಲೆಗೆ ನೀರು ಚಿಮುಕಿಸಿ ಬರುತ್ತಿದ್ದಳು. ಒಮ್ಮೆ ಹೊಟ್ಟೆಹುಳದ ಪಾಠ ಬಂತು. ಹುಳ ಮೀನಿನಿಂದ ಬರುತ್ತದೆ ಎಂದು ತೋರಿಸಿದ ಹಾಗೆ ಕಂಡು, ದೊಡ್ಡಮ್ಮ ಎರಡು ದಿನ ಬಂಗುಡೆ ಮುಟ್ಟಲಿಲ್ಲ. ಮೂರನೆಯ ದಿನ ತಾನೇ ಹೋಗಿ ತಂದಳು.

ಕಲ್ಲಿನ ಮಾಸ್ಟ್ರು ಬಂದದ್ದು ಚಳಿಗಾಲದಲ್ಲಿ. ವಾರಕ್ಕೊಮ್ಮೆ ಬರುತ್ತಿದ್ದರು, ಯಾವ ವಾರ ಯಾವ ದಿನ ಎಂದು ಹೇಳುವ ಹಾಗಿರಲಿಲ್ಲ. ನೆಲದಡಿ ಏನುಂಟು, ಯಾವ ಕಲ್ಲು ಯಾವುದರಿಂದ ಆಯಿತು ಎಂಬುದು ಅವರ ಪಾಠ. ಮೊದಲ ಸಲ ಅವರು ಕಲ್ಲು ನೆಕ್ಕಿದಾಗ ಮೂವರ ಕೈಯೂ ನಿಂತಿತಂತೆ.

"ಅವ ಎಂತ ಮಾಡಿದ?" ದೊಡ್ಡಮ್ಮ ಕೇಳಿದಳು.

"ನೆಕ್ಕಿದ್ರು," ಎಂದಳು ಅಮ್ಮ.

"ಕಲ್ಲನ್ನಾ?"

"ಹ್ಞಾಂ, ಕಲ್ಲನ್ನೇ."

"ಪಾಪ, ಮನೆಯಲ್ಲಿ ಊಟ ಕೊಡುವವರು ಇಲ್ವೋ ಏನೋ," ಎಂದಳಂತೆ ದೊಡ್ಡಮ್ಮ. ನಾನು ಶಾಲೆಯಿಂದ ಬರುವಾಗಲೂ ಅವರ ನಗು ನಿಂತಿರಲಿಲ್ಲ.

ಅವರು ಎಂತಕ್ಕೆ ನೆಕ್ಕುತ್ತಾರೆಂದು ಮುಂದಿನ ಪಾಠಗಳಲ್ಲಿ ಗೊತ್ತಾಗುತ್ತ ಹೋಯಿತು. ಉಪ್ಪಿನ ಕಲ್ಲನ್ನು ನೆಕ್ಕಿ ಮುಖ ಹುಳ್ಳಗೆ ಮಾಡಿ ತೋರಿಸಿದರು. ಒದ್ದೆಯಾದ ಕಲ್ಲಿನ ಬಣ್ಣ ಎದ್ದು ಕಾಣುತ್ತದೆ ಎಂದು ತೋರಿಸಿದರು. ಒಂದು ಶನಿವಾರ, ನನ್ನ ಕಣ್ಣೆದುರೇ, ಬಿಳಿ ಬಣ್ಣದ ಒಣ ಮಣ್ಣುಂಡೆಯೊಂದನ್ನು ನಾಲಿಗೆಗೆ ತಾಗಿಸಿ ಮೆಲ್ಲಗೆ ಕೈ ಬಿಟ್ಟರು. ಉಂಡೆ ಬೀಳಲಿಲ್ಲ. ನಾಲಿಗೆಯ ತುದಿಯಲ್ಲಿ ನೇತಾಡಿತು. ಹಾಗೇ ನೇತಾಡಿಸಿಕೊಂಡು ಅವರು ಇಂಗ್ಲಿಷಿನಲ್ಲಿ ಏನೋ ಹೇಳಲು ನೋಡಿದರು; "ಅಅ ಅಆ" ಎಂದು ಕೇಳಿತು. ಕ್ಯಾಮೆರಾ ಹತ್ತಿರ ಬಂತು. ನಮ್ಮ ದೇಶದ ಸರಕಾರಿ ಟಿವಿಯಲ್ಲಿ, ಪರದೆಯ ತುಂಬ, ಒಬ್ಬ ಪ್ರೊಫೆಸರರ ನಾಲಿಗೆ ಮತ್ತು ಅದಕ್ಕೆ ಅಂಟಿದ ಮಣ್ಣು.

"ಎಂತ ಹೇಳಿದ್ರು ಮಗಾ?" ಅಮ್ಮ ನನ್ನನ್ನು ಕೇಳಿದಳು.

ಅರ್ಧಕ್ಕರ್ಧ ನನಗೂ ಅರ್ಥವಾಗಿರಲಿಲ್ಲ. ಆದರೆ ಹೈಸ್ಕೂಲಿಗೆ ಹೋಗುವವಳಲ್ಲವೇ, ಮರ್ಯಾದೆಯ ಪ್ರಶ್ನೆ. "ಈ ಮಣ್ಣು ನೀರು ಎಳೀತದಂತೆ. ನಾಲಿಗೆಯ ಎಂಜಲು ಎಳ್ಕೊಂಡು ಅಂಟಿತಂತೆ," ಎಂದೆ. ಅದೃಷ್ಟಕ್ಕೆ ಅದು ಸರಿಯೇ ಇತ್ತು.

ಬೇಸಗೆ ರಜೆಯಲ್ಲಿ ಕೆಳಗಿನ ಮನೆಯವರು ಹಿಂದೆ ಒಂದು ಅಡುಗೆಕೋಣೆ ಕಟ್ಟಲು ಹೊರಟರು. ಜಾಗ ಸಾಲದೆ ಗುಡ್ಡದ ಬುಡ ಕಡಿಸಿದರು. ಮೇಲೆ ಆಳೆತ್ತರಕ್ಕೆ ಕೆಂಪುಕಲ್ಲು, ಅದರ ಕೆಳಗೆ ಬಿಳಿ, ನಸುಗೆಂಪು ಬಣ್ಣದ ಮೆತ್ತಗಿನ ಮಣ್ಣು. ನಮ್ಮ ಕಡೆ ಅದಕ್ಕೆ ಶೇಡಿ ಅನ್ನುತ್ತಾರೆ. ಹಿಂದೆ ಗೋಡೆಗೆ ಬಳಿಯಲು ಅದನ್ನೇ ತರುತ್ತಿದ್ದರು. ಕಡಿದ ಗೋಡೆ ಹೊಸ ಹಲಸಿನ ಹಣ್ಣು ಕೊಯ್ದ ಹಾಗೆ ಚಂದ ಕಾಣುತ್ತಿತ್ತು.

ಅಮ್ಮ ನೋಡಲು ಹೋದವಳು ಒಂದು ಉಂಡೆ ತಂದಳು. ಎರಡು ದಿನ ಬಿಸಿಲಲ್ಲಿ ಒಣಗಿಸಿದಳು. ಮೂರನೆಯ ದಿನ ಜಗಲಿಯಲ್ಲಿ ಎಲ್ಲರೆದುರು ನಾಲಿಗೆಗೆ ತಾಗಿಸಿ ಕೈ ಬಿಟ್ಟಳು. ನೇತಾಡಿತು. ಕೆಳಗಿನಕ್ಕ ನಕ್ಕು ನಕ್ಕು ಗೆರಸೆ ಮಗುಚಿ ಹಾಕಿದಳು. ದೊಡ್ಡಮ್ಮನೂ ಒಂದು ತುಂಡು ಕೇಳಿ ಪಡೆದು ಪ್ರಯತ್ನಿಸಿದಳು. ಸಂಜೆ ಬಂದ ಅಪ್ಪನಿಗೆ ಅಮ್ಮ ಇನ್ನೊಮ್ಮೆ ತೋರಿಸಿದಳು.

"ನಿನಗೆ ಮರ್ಲು," ಎಂದರು ಅಪ್ಪ. ತುಳುವಿನಲ್ಲಿ ಹುಚ್ಚಿಗೆ ಮರ್ಲು ಅನ್ನುತ್ತಾರೆ. ಆದರೆ ಅವರೂ ನಗುತ್ತಿದ್ದರು.

ಅದಾಗಿ ಒಂದೆರಡು ವಾರ ಕಳೆದ ಮೇಲೆ ಗಾಜಿನ ಪೆಟ್ಟಿಗೆಯ ಪಾಠ ಬಂತು. ಮಾಸ್ಟ್ರು ಒಂದು ಗಾಜಿನ ಪೆಟ್ಟಿಗೆಯಲ್ಲಿ ಓರೆಯಾಗಿ ಬಿಳಿ ಮಣ್ಣು ತುಂಬಿಸಿ, ಅದರ ಮೇಲೆ ಕೆಂಪು ಜಲ್ಲಿ ಹರಡಿದ್ದರು. ಓರೆಯ ಬುಡದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬಣ್ಣದ ಮನೆ ಇಟ್ಟರು. ಅದಕ್ಕೆ ಜಾಗವಾಗಲೆಂದು ಚಮಚದಿಂದ ಬುಡದ ಮಣ್ಣನ್ನು ಸ್ವಲ್ಪ ಕೆರೆದು ತೆಗೆದರು. ಆಮೇಲೆ ಗಿಡಕ್ಕೆ ನೀರು ಹಾಕುವ ಪಾತ್ರೆಯಿಂದ ಮೇಲಿನಿಂದ ನೀರು ಬಿಡುತ್ತ ಹೋದರು. ಬಹಳ ಹೊತ್ತು ಏನೂ ಆಗಲಿಲ್ಲ. ದೊಡ್ಡಮ್ಮ ಆಕಳಿಸಿದಳು. ಮಾಸ್ಟ್ರು ನೀರು ಬಿಡುತ್ತಲೇ ಇದ್ದರು. ನೋಡುತ್ತಿದ್ದ ಹಾಗೆ ಕೆಂಪು ಪದರ ಇಡಿಯಾಗಿ, ತಟ್ಟೆಯಿಂದ ಮೊಸರು ಜಾರಿದ ಹಾಗೆ ಜಾರಿ, ಆ ಪುಟ್ಟ ಮನೆಯ ಮೇಲೆ ಬಂದು ಕುಳಿತಿತು.

ಮಾಸ್ಟ್ರು ಮುಂದಕ್ಕೆ ಹೋಗಿ, ಬಿರುಕು ಬಿಟ್ಟ ಒಂದು ಗೋಡೆಯ ಚಿತ್ರ ತೋರಿಸಿದರು. ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿ ಅಂಟಿಸಿದ್ದರು. ಗೋಡೆ ಕದಲಿದರೆ ಗಾಜು ಒಡೆಯುತ್ತದೆ, ಅಷ್ಟು ನನಗೂ ತಿಳಿಯಿತು. ಇದಕ್ಕೆ ಇಂಗ್ಲಿಷ್ ಬೇಕಿರಲಿಲ್ಲ.

ಕೆಳಗಿನಕ್ಕ ಮನೆಗೆ ಹೋದ ಮೇಲೆ ಅಮ್ಮ, "ಅದು ಅವರ ಮನೆಯೇ," ಎಂದಳು.

ಅಂದು ಸಂಜೆ ಅಪ್ಪನ ಹತ್ತಿರ ಮಾತು ತೆಗೆದಳು. ಅಪ್ಪ ಕಾಲು ತೊಳೆದು ಬಂದು ಚಾ ಕುಡಿಯುತ್ತಿದ್ದರು.

"ನಾನು ದಿನಾ ಮಣ್ಣಿನಲ್ಲೇ ಇರುವವ," ಎಂದರು. "ನೀರು ಕುಡಿದ ಜೇಡಿ ನಿಲ್ಲುವುದಿಲ್ಲ, ಅದು ಹೌದು. ಆದರೆ ಆ ಗುಡ್ಡ ನನ್ನ ಅಜ್ಜನ ಕಾಲದಿಂದ ನಿಂತಿದೆ."

"ಗುಡ್ಡ ನಿಂತಿತ್ತು," ಎಂದಳು ಅಮ್ಮ. "ಅದರ ಕಾಲು ಕಡಿದದ್ದು ಈಗ."

ಅಪ್ಪ ಚಾದ ಲೋಟ ಕೆಳಗಿಟ್ಟರು. ಮರುದಿನ ಅವರೇ ಹೋಗಿ ರಿಕ್ಷಾದಣ್ಣನಿಗೆ ಹೇಳಿದರು. ಅವನು ಒಳ್ಳೆಯವನೇ, ಆದರೆ ಹಟದವನು. ಹೊಸ ಅಡುಗೆಕೋಣೆಗೆ ಆಗಲೇ ಗೋಡೆ ಎಬ್ಬಿಸಿದ್ದ. "ಟಿವಿ ನೋಡಿ ಮನೆ ಬಿಡ್ಲಿಕ್ಕೆ ಆಗ್ತದಾ ಅಣ್ಣ? ನೀವೇ ಹೇಳಿ," ಎಂದು ನಕ್ಕು ಕಳಿಸಿದ. ಅವನದೂ ತಪ್ಪಲ್ಲ. ಅವನ ಜಾಗದಲ್ಲಿದ್ದರೆ ನಾವೂ ನಗುತ್ತಿದ್ದೆವು.

ಮಳೆ ಬರುವ ಮೊದಲು ಬಚ್ಚಲ ಒಲೆಗೆ ತರಗೆಲೆ ಒಟ್ಟು ಮಾಡಿಡುವುದು ರೂಢಿ. ಅಮ್ಮ ಮತ್ತು ನಾನು ಕೆಳಗಿನ ಮನೆಯ ಹಿಂದಿನ ಗುಡ್ಡ ಹತ್ತಿ ಗೇರುಮರಗಳ ಅಡಿಯಲ್ಲಿ ಎಲೆ ಗುಡಿಸುತ್ತಿದ್ದೆವು. ಎಲೆ ಸರಿಸಿದ ಜಾಗದಲ್ಲಿ ನೆಲ ಒಂದು ಗೆರೆ ಎಳೆದ ಹಾಗೆ ಸೀಳಿತ್ತು. ಬೆರಳು ಹೋಗುವಷ್ಟು ಅಗಲ. ಉದ್ದ ನಮ್ಮ ಜಗಲಿಯಷ್ಟು. ಅಮ್ಮ ಪೊರಕೆ ಬಿಟ್ಟು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತಳು. ಬಿರುಕಿನ ಆಚೆಗೊಂದು, ಈಚೆಗೊಂದು ಗೂಟ ಹೊಡೆದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬೀಡಿ ಕಟ್ಟುವ ಕೆಂಪು ನೂಲನ್ನು ತೆಗೆದು ಎರಡು ಗೂಟಕ್ಕೂ ಬಿಗಿದು ಕಟ್ಟಿದಳು.

"ದಿನಾ ಬೆಳಿಗ್ಗೆ ಬಂದು ನೋಡಬೇಕು ನೀನು. ಯಾರಿಗೂ ಹೇಳ್ಬೇಡ, ನಗ್ತಾರೆ," ಎಂದಳು.

ಜೂನ್ ಇಡೀ ನೋಡಿದೆ. ಶಾಲೆಗೆ ಹೋಗುವ ಮೊದಲು ಕೊಡೆ ಹಿಡಿದು ಗುಡ್ಡ ಹತ್ತುವುದು, ನೂಲು ನೋಡುವುದು, ಇಳಿಯುವುದು. ನನಗೆ ಬೇಸರ ಬಂದಿತ್ತು. ಎರಡು ದಿನ ಹೋಗದೆಯೇ "ಸರಿ ಉಂಟು" ಎಂದು ಸುಳ್ಳು ಹೇಳಿದ್ದೂ ಇದೆ. ಅದನ್ನು ಅಮ್ಮನಿಗೆ ಇವತ್ತಿನವರೆಗೆ ಹೇಳಿಲ್ಲ.

ಜುಲೈಯಲ್ಲಿ ನಾಲ್ಕು ದಿನ ಬಿಡದೆ ಹೊಯ್ಯಿತು. ಕರೆಂಟು ಹೋಗಿ ಎರಡು ದಿನವಾಗಿತ್ತು. ಶಾಲೆಗೆ ಮಳೆ ರಜೆ. ಐದನೆಯ ದಿನ ಬೆಳಿಗ್ಗೆ ಹತ್ತಿ ನೋಡಿದಾಗ ಒಂದು ಗೂಟಕ್ಕೆ ಕೆಂಪು ನೂಲಿನ ತುಂಡು ಅಂಟಿಕೊಂಡಿತ್ತು, ಇನ್ನೊಂದರಲ್ಲಿ ಇನ್ನೊಂದು ತುಂಡು. ಬಿರುಕಿನಲ್ಲಿ ನನ್ನ ಕೈ ಹೋಗುತ್ತಿತ್ತು. ನಾನು ಕೊಡೆ ಮುಚ್ಚಿ ಓಡಿದೆ.

"ಅಮ್ಮಾ, ನೂಲು ತುಂಡಾಗಿದೆ."

ಅಮ್ಮ ಒಲೆಯ ಮುಂದಿದ್ದಳು. ಸೆರಗು ತಲೆಗೆ ಹಾಕಿಕೊಂಡು ಮೆಟ್ಟಿಲು ಇಳಿದಳು. ನಾನೂ ಹಿಂದಿನಿಂದ ಹೋದೆ. ರಿಕ್ಷಾದಣ್ಣ ಆಗಲೇ ಕೆಲಸಕ್ಕೆ ಹೋಗಿದ್ದ. ಕೆಳಗಿನಕ್ಕ ಹೊಸ ಅಡುಗೆಕೋಣೆಯಲ್ಲಿ ಅನ್ನಕ್ಕೆ ನೀರಿಡುತ್ತಿದ್ದಳು. ಬಾಗಿಲ ಪಕ್ಕದಲ್ಲಿ ಸೀರೆಯ ತೊಟ್ಟಿಲಿನಲ್ಲಿ ಮಗು.

ಗುಡ್ಡ ಬೀಳುತ್ತದೆ ಬಾ ಎಂದರೆ ಇವಳು ಬರುವವಳಲ್ಲ ಎಂದು ಅಮ್ಮನಿಗೆ ಗೊತ್ತಿತ್ತು. ನೇರ ಹೋಗಿ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡಳು. "ಬಾಲೆ ನನ್ನ ಹತ್ತಿರ ಇರಲಿ. ನೀನು ಒಲೆ ಆರಿಸಿ ಬಾ," ಎಂದು ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿದಳು.

"ಅಕ್ಕಾ! ಎಂತಾಯ್ತು? ಅಕ್ಕಾ!" ಕೆಳಗಿನಕ್ಕ ಒದ್ದೆ ಕೈಯಲ್ಲೇ ಹಿಂದಿನಿಂದ ಓಡಿ ಬಂದಳು.

ಮೇಲೆ ಬಂದ ಮೇಲೆ ವಿಷಯ ತಿಳಿದು ಅವಳಿಗೆ ಸಿಟ್ಟು ಬಂತು. "ಒಂದು ನೂಲು ತುಂಡಾದದ್ದಕ್ಕಾ? ನಾಯಿ ಓಡಿದರೂ ತುಂಡಾಗ್ತದೆ ಅಕ್ಕ. ಅವರು ಬರುವಾಗ ಅನ್ನ ಆಗಿರ್ಲಿಕ್ಕಿಲ್ಲ."

"ಅವರು ಇಲ್ಲಿ ಊಟ ಮಾಡಲಿ," ಎಂದಳು ಅಮ್ಮ.

ಹನ್ನೊಂದು ಗಂಟೆಯಾಯಿತು. ಹನ್ನೆರಡಾಯಿತು. ಏನೂ ಆಗಲಿಲ್ಲ. ಮಳೆ ಕೂಡ ಸ್ವಲ್ಪ ಕಡಿಮೆಯಾಯಿತು. ಮಗುವಿನ ಬಟ್ಟೆ ಒದ್ದೆಯಾಗಿ, ಹಳೆಯ ಸೀರೆ ಹರಿದು ಕೊಟ್ಟಳು ದೊಡ್ಡಮ್ಮ. ಕೆಳಗಿನಕ್ಕ ಎರಡು ಸಲ ಹೊರಟು ನಿಂತಳು. ಎರಡನೆಯ ಸಲ ಅಮ್ಮ ಮಗುವನ್ನು ಕೊಡಲೇ ಇಲ್ಲ.

"ನಿಮಗೆ ಮರ್ಲಾ ಅಕ್ಕ? ನನ್ನ ಮಗುವನ್ನು ಕೊಡಿ!"

"ಬಯ್ಯಿ. ಎಷ್ಟು ಬೇಕಾದ್ರೂ ಬಯ್ಯಿ. ಸಂಜೆ ಕೊಡ್ತೇನೆ."

ಅವಳು ನಿಜವಾಗಿಯೂ ಅಳಲು ಶುರು ಮಾಡಿದಳು. ದೊಡ್ಡಮ್ಮ ಅವಳನ್ನು ಕೂರಿಸಿ, "ಬಾ ಮಾರಾಯ್ತಿ, ನಾಲ್ಕು ಬೀಡಿ ಕಟ್ಟು, ಅಷ್ಟರಲ್ಲಿ ಹೊತ್ತು ಹೋಗ್ತದೆ," ಎಂದು ಗೆರಸೆ ಮಡಿಲಿಗಿಟ್ಟಳು. ಅವಳು ಕಟ್ಟಲಿಲ್ಲ. ಅಮ್ಮನ ಮುಖವನ್ನು ನಾನು ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಆ ಮುಖದಲ್ಲಿ ಧೈರ್ಯವೂ ಕಡಿಮೆಯಾಗಿತ್ತು. ಏನೂ ಆಗದಿದ್ದರೆ ನಾಳೆಯಿಂದ ಕೆಳಗಿನ ಮನೆಯವರ ಮುಖ ನೋಡುವುದು ಹೇಗೆ ಎಂದು ಯೋಚಿಸುತ್ತಿದ್ದಳೋ ಏನೋ.

ಮೂರು ಗಂಟೆಯ ಸುಮಾರಿಗೆ ಒಂದು ಸದ್ದು ಕೇಳಿತು. ಲಾರಿಯಿಂದ ಜಲ್ಲಿ ಸುರಿದ ಹಾಗೆ, ಆದರೆ ನಿಲ್ಲದೆ. ಜಗಲಿಯ ಅಂಚಿಗೆ ಬಂದು ನೋಡಿದರೆ ಗೇರುಮರಗಳು ನಿಂತ ಹಾಗೇ ಕೆಳಗೆ ಬರುತ್ತಿದ್ದವು. ಮರ ನಡೆದುಕೊಂಡು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೊಸ ಅಡುಗೆಕೋಣೆ ಕಾಣಲಿಲ್ಲ. ಹಿಂದಿನ ಕೋಣೆಯ ಗೋಡೆ ಒಳಕ್ಕೆ ಬಿತ್ತು, ಅದರ ಮೇಲೆ ಮಾಡು ಕುಳಿತಿತು. ಮುಂದಿನ ಜಗಲಿ ಮತ್ತು ತುಳಸಿಕಟ್ಟೆ ಮಾತ್ರ ಹಾಗೇ ಉಳಿದವು. ಆಮೇಲೆ ಸದ್ದು ನಿಂತು ಮಳೆಯ ಸದ್ದು ಮತ್ತೆ ಕೇಳಿತು.

ಅಮ್ಮ ಮಗುವನ್ನು ಕೆಳಗಿನಕ್ಕನ ಕೈಗೆ ಕೊಟ್ಟಳು.

ಸುದ್ದಿ ರಿಕ್ಷಾ ಸ್ಟ್ಯಾಂಡಿಗೆ ಹೇಗೆ ಮುಟ್ಟಿತೋ, ಸ್ವಲ್ಪ ಹೊತ್ತಿನಲ್ಲೇ ರಿಕ್ಷಾದಣ್ಣ ಓಡಿ ಬಂದ. ಅವನು ಮೇಲೆ ನೋಡಲಿಲ್ಲ. ನೇರ ಮನೆಯ ಹಿಂದಕ್ಕೆ ಹೋಗಿ ತೊಟ್ಟಿಲು ಇದ್ದ ಜಾಗದಲ್ಲಿ ಎರಡೂ ಕೈಯಿಂದ ಮಣ್ಣು ಬಗೆಯತೊಡಗಿದ. ಹೆಂಡತಿಯ ಹೆಸರು ಹಿಡಿದು ಕೂಗುತ್ತಿದ್ದ. ಅಮ್ಮ ಜಗಲಿಯಿಂದ ಕೂಗಿದಳು, ಮಳೆಗೆ ಕೇಳಲಿಲ್ಲ. ಮೆಟ್ಟಿಲವರೆಗೆ ಓಡಿ ಮತ್ತೆ ಕೂಗಿದಳು.

"ಇಲ್ಲಿದ್ದಾರೆ ಮಾರಾಯಾ! ಇಲ್ಲಿದ್ದಾರೆ! ಮೇಲೆ ನೋಡು!"

ಅವನು ತಲೆಯೆತ್ತಿದ. ಮಗುವನ್ನು ಎತ್ತಿ ಹಿಡಿದು ನಿಂತ ಹೆಂಡತಿಯನ್ನು ನೋಡಿದ. ಕೆಸರಿನಲ್ಲೇ ಕುಳಿತು, ಮಣ್ಣು ಮೆತ್ತಿದ ಕೈಗಳಿಂದ ಮುಖ ಮುಚ್ಚಿಕೊಂಡ. ನಾನು ಅಪ್ಪನ ಹಳೆಯ ಕೊಡೆ ತೆಗೆದುಕೊಂಡು ಇಳಿದು ಅವನ ತಲೆಯ ಮೇಲೆ ಹಿಡಿದು ನಿಂತೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಮೂರೂ ಜನ ಮುಂದೆ ನಾಲ್ಕು ತಿಂಗಳು ನಮ್ಮ ಮನೆಯಲ್ಲೇ ಇದ್ದರು. ಇಕ್ಕಟ್ಟಾಗುತ್ತಿತ್ತು, ಜಗಳವೂ ಆಗುತ್ತಿತ್ತು. ಬಚ್ಚಲಿಗೆ ಯಾರು ಮೊದಲು ಎಂದು ದೊಡ್ಡಮ್ಮ ದಿನಾ ಗೊಣಗುತ್ತಿದ್ದಳು. ಆದರೂ ಆ ನಾಲ್ಕು ತಿಂಗಳು ನೆನೆದರೆ ನನಗೆ ಈಗಲೂ ಮನಸ್ಸು ಬೆಚ್ಚಗಾಗುತ್ತದೆ. ಅಂಗಳಕ್ಕೆ ನಾಲ್ಕು ಕಡೆ ಹಗ್ಗ ಕಟ್ಟಿ ಮಗುವಿನ ಬಟ್ಟೆ ಒಣಗಿಸುತ್ತಿದ್ದೆವು. ರಿಕ್ಷಾದಣ್ಣ ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ಬಾಡಿಗೆ ಬಿಟ್ಟು ಮನೆಗೆ ಬರುತ್ತಿದ್ದ. ಮೊದಲು ನಕ್ಕವನು ಅವನೇ, ಈಗ ಎಲ್ಲರಿಗಿಂತ ಮುಂದೆ ಕುಳಿತು ಟಿವಿ ನೋಡುತ್ತಿದ್ದವನೂ ಅವನೇ. ಗಣಿತದ ಮೇಡಂ ಬಂದರೂ ಏಳುತ್ತಿರಲಿಲ್ಲ.

"ಆ ಮಾಸ್ಟ್ರಿಗೆ ಒಂದು ಕಾಗದ ಹಾಕ್ಬೇಕು ಅಕ್ಕ," ಎಂದು ಒಂದು ದಿನ ಅವನು ಅಮ್ಮನಿಗೆ ಹೇಳಿದ. "ಅವರಿಗೆ ಗೊತ್ತಾಗುವುದು ಹೇಗೆ ಇಲ್ಲದಿದ್ದರೆ?"

ಅಮ್ಮ ಹೇಳುತ್ತ ಹೋದಳು, ನಾನು ಇಂಗ್ಲಿಷಿನಲ್ಲಿ ಬರೆಯುತ್ತ ಹೋದೆ. ನಾವು ಮಂಗಳೂರಿನವರು, ಬೀಡಿ ಕಟ್ಟುವವರು, ನಿಮ್ಮ ಪಾಠವನ್ನು ತಪ್ಪದೆ ನೋಡುತ್ತೇವೆ, ಭಾಷೆ ಬರುವುದಿಲ್ಲ. ನೀವು ಗಾಜಿನ ಪೆಟ್ಟಿಗೆಗೆ ನೀರು ಬಿಟ್ಟದ್ದರಿಂದ ಇಲ್ಲಿ ಒಂದು ತಾಯಿ ಮತ್ತು ಮಗು ಉಳಿದಿದ್ದಾರೆ. ನೀವು ಕಲ್ಲು ನೆಕ್ಕುವಾಗ ನಕ್ಕದ್ದಕ್ಕೆ ನಮ್ಮನ್ನು ಕ್ಷಮಿಸಬೇಕು. ಶಾಲೆಯ ಇಂಗ್ಲಿಷ್ ಟೀಚರಿಗೆ ತೋರಿಸಿದೆ. ಅವರು ಓದಿ, ನಾಲ್ಕು ತಪ್ಪು ತಿದ್ದಿ, 'ನೆಕ್ಕುವಾಗ' ಎಂಬುದಕ್ಕೆ ಗೀಟು ಹಾಕಿ 'ಪರೀಕ್ಷಿಸುವಾಗ' ಎಂದು ಬರೆದರು. ಅಮ್ಮ ಒಪ್ಪಲಿಲ್ಲ. "ಅವರು ಮಾಡಿದ್ದು ಎಂತದೋ ಅದನ್ನೇ ಬರಿ," ಎಂದಳು. ಹಾಗೇ ಬರೆದು, ದೆಹಲಿಯ ಟಿವಿ ಕೇಂದ್ರದ ವಿಳಾಸಕ್ಕೆ ಹಾಕಿದೆವು.

ಎರಡು ತಿಂಗಳ ಮೇಲೆ ಒಂದು ಉದ್ದ ಲಕೋಟೆ ಬಂತು. ಮನೆಯ ಎಲ್ಲರೂ ಸುತ್ತ ನಿಂತರು. ಒಳಗಿದ್ದದ್ದು ಮಾಸ್ಟ್ರ ಕಾಗದವಲ್ಲ. ಮುಂದಿನ ತಿಂಗಳ ಪಾಠಗಳ ಅಚ್ಚಾದ ಪಟ್ಟಿ. ಅದರ ಮೇಲೆ ಯಾರದೋ ಸಹಿ. ನನಗೆ ಅಳು ಬಂತು. ಅಮ್ಮನಿಗೆ ಮಾತ್ರ ಖುಷಿಯೋ ಖುಷಿ. "ನೋಡಿದ್ರಾ, ಕಾಗದ ಮುಟ್ಟಿದೆ," ಎಂದಳು. ಪಟ್ಟಿಯನ್ನು ಗಂಜಿಯ ಅಂಟಿನಿಂದ ಗೋಡೆಗೆ ಅಂಟಿಸಿದಳು. ಯಾವ ದಿನ ಎಂತ ಎಂದು ಅವರಿಗೆ ಮೊದಲೇ ತಿಳಿದದ್ದು ಆ ಒಂದು ತಿಂಗಳು ಮಾತ್ರ. ಬುಧವಾರ ಹಾವು ಎಂದು ನೋಡಿಕೊಂಡು ದೊಡ್ಡಮ್ಮ ಬುಧವಾರ ತನ್ನ ಇನ್ನೊಬ್ಬ ತಂಗಿಯ ಮನೆಗೆ ಹೋಗಿ ಕುಳಿತಳು. ಕಲ್ಲಿನ ಮಾಸ್ಟ್ರು ಆ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆಯೂ ಬರಲಿಲ್ಲ. ಅವರ ಹೆಸರೂ ನಮಗೆ ಗೊತ್ತಿರಲಿಲ್ಲ. ಪಾಠದ ಕೊನೆಯಲ್ಲಿ ಅಕ್ಷರಗಳು ಓಡುತ್ತಿದ್ದ ವೇಗಕ್ಕೆ ಓದಲು ಆಗುತ್ತಿರಲಿಲ್ಲ. ಎಲ್ಲಿಯವರೋ, ಏನಾದರೋ. ಮನಸ್ಸಿನಲ್ಲೇ ಅವರಿಗೆ ಕೈ ಮುಗಿಯುವುದನ್ನು ನಾನು ಈಗಲೂ ಬಿಟ್ಟಿಲ್ಲ.

ನಮ್ಮ ಮನೆಯಿಂದ ಹೋಗಿ ಬಾಡಿಗೆ ಕೋಣೆಯಲ್ಲಿದ್ದ ರಿಕ್ಷಾದಣ್ಣ ಮುಂದಿನ ವರ್ಷ ಬೇಸಗೆಯಲ್ಲಿ ಪಡೀಲಿನಲ್ಲಿ ಗದ್ದೆ ಮಟ್ಟಸ ಮಾಡಿದ ಜಾಗದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದ. ಒಕ್ಕಲಿನ ದಿನ, ಅಂದರೆ ಗೃಹಪ್ರವೇಶಕ್ಕೆ, ಅವನೇ ರಿಕ್ಷಾ ತಂದು ನಮ್ಮನ್ನು ಕರೆದುಕೊಂಡು ಹೋದ. ಅಮ್ಮ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟಿದ್ದಳು. ಅವನು ತನ್ನ ಬಂಧುಗಳಿಗೆಲ್ಲ ಅವಳನ್ನು ತೋರಿಸಿ, "ಇವರೇ ಆ ಅಕ್ಕ" ಎಂದು ಹೇಳುತ್ತ ಹೋದ. ಅಮ್ಮ ನಾಚಿ ಅಡುಗೆಮನೆಗೆ ಹೋಗಿ ಕಾಯಿ ತುರಿಯಲು ಕುಳಿತುಬಿಟ್ಟಳು. ಎಲೆ ಹಾಕಿದಾಗ ಕೆಳಗಿನಕ್ಕ ಅವಳನ್ನು ಎಬ್ಬಿಸಿ ಮೊದಲ ಪಂಕ್ತಿಯಲ್ಲಿ ಕೂರಿಸಿ, ಪಾಯಸವನ್ನು ತಾನೇ ಬಡಿಸಿದಳು. ಎರಡು ಸಲ, ಬೇಡ ಬೇಡ ಎಂದರೂ.

ಊಟವಾದ ಕೂಡಲೇ ಹೊರಡುವುದೆಂದು ಮಾತಾಗಿತ್ತು. ಮರುದಿನ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊ‍ಡುವ ದಿನ, ಮನೆಯಲ್ಲಿ ಅರ್ಧದಷ್ಟೂ ಆಗಿರಲಿಲ್ಲ. ದೊಡ್ಡಮ್ಮ ಚಪ್ಪಲಿ ಹಾಕಿ ನಿಂತಿದ್ದಳು. ಅಷ್ಟರಲ್ಲಿ, ಈಗ ಮನೆ ತುಂಬ ಓಡಾಡುವಷ್ಟು ದೊಡ್ಡದಾಗಿದ್ದ ಮಗು ಓಡಿ ಬಂದು ಅಮ್ಮನ ಸೀರೆಯ ನೆರಿಗೆ ಹಿಡಿದು ಅಲ್ಲೇ ಕುಳಿತಿತು. ಬಿಡಿಸಿದರೂ ಬಿಡಲಿಲ್ಲ.

"ಹೊತ್ತಾಯ್ತು ಮಾರಾಯ್ತಿ, ಬೀಡಿ ಉಂಟು," ಎಂದಳು ದೊಡ್ಡಮ್ಮ.

ಅಮ್ಮ ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು. "ಇರಲಿ, ಒಂದು ದಿನ ತಡ ಆದರೆ ಎಂತಾಗ್ತದೆ," ಎಂದು ಅಂಗಳದ ಚಪ್ಪರದ ಕೆಳಗಿನ ಕುರ್ಚಿಯಲ್ಲಿ ಹೋಗಿ ಕುಳಿತುಕೊಂಡಳು. ಅಮ್ಮನ ಬಾಯಿಂದ ಅಂಥ ಮಾತು ನಾನು ಮೊದಲ ಸಲ ಕೇಳಿದ್ದು ಅಂದು. ನಾವು ಮನೆಗೆ ಮರಳಿದ್ದು ಸಂಜೆಯ ಚಾ, ಗೋಳಿಬಜೆ ಮುಗಿಸಿಯೇ.